ದಫ್ತರುಗಳ ಐಕ್ಯವೂ ನೌಕರರ ತರಬೇತಿಯೂ

ಆಡಳಿತ ಸುಧಾರಣೆಯೆಂದರೆ ಹೊಸ ಯಂತ್ರಗಳನ್ನು ಕೊಂಡು ಕಚೇರಿಗಳಲ್ಲಿ ಸಾಲಾಗಿ ಇರಿಸುವುದೆಂಬ ಭಾವನೆಯು ನಮ್ಮ ಅಧಿಕಾರಿವರ್ಗದಲ್ಲಿ ಬಹುಕಾಲದಿಂದ ಬೇರೂರಿದೆ. ಯಂತ್ರಗಳು ಬಂದಿವೆ, ಅವುಗಳಲ್ಲಿ ನಡೆಯತಕ್ಕ ತಂತ್ರಾಂಶಗಳೂ ಒಂದರ ಹಿಂದೊಂದು ಬಂದಿವೆ. ಪಹಣಿಗೆ ಭೂಮಿ, ನೋಂದಣಿಗೆ ಕಾವೇರಿ, ಪಟ್ಟಣದ ಸ್ವತ್ತಿಗೆ ಇ-ಆಸ್ತಿ, ಗ್ರಾಮದ ಸ್ವತ್ತಿಗೆ ಇ-ಸ್ವತ್ತು, ಪಂಚಾಯತಿಯ ಲೆಕ್ಕಕ್ಕೆ ಪಂಚತಂತ್ರ, ರೈತರ ಪಟ್ಟಿಗೆ ಫ್ರೂಟ್ಸ್, ಸಂಸಾರಗಳ ಪಟ್ಟಿಗೆ ಕುಟುಂಬ, ಅರ್ಜಿಗಳಿಗೆ ಸೇವಾಸಿಂಧು: ಹೆಸರುಗಳಿಗೇನೂ ಕೊರತೆಯಿಲ್ಲ. ಹೀಗಿದ್ದರೂ ಬಂಗಾರಪೇಟೆಯ ರೈತನಾಗಲಿ ಉರಿಗಾಂನ ವೃದ್ಧ ಗಣಿಕಾರ್ಮಿಕನಾಗಲಿ ಒಂದು ಕಚೇರಿಯಲ್ಲಿ ಪಡೆದ ಕಾಗದವನ್ನು ಇನ್ನೊಂದು ಕಚೇರಿಗೆ ತಾನೇ ಹೊತ್ತುಕೊಂಡು ಹೋಗಿ ತೋರಿಸಬೇಕಾದ ಕಾಲವು ಇನ್ನೂ ತಪ್ಪಿಲ್ಲ. ಸರಕಾರದ ಒಂದು ಕೈ ಬರೆದುದನ್ನು ಸರಕಾರದ ಇನ್ನೊಂದು ಕೈ ಓದಲಾರದು. ಈ ವಿಪರ್ಯಾಸಕ್ಕೆ ಕಾರಣವು ಯಂತ್ರದ ಅಭಾವವೆಂದು ಯಾರೂ ಹೇಳಲಾರರು. ಒಂದು ದಫ್ತರನ್ನು ಮತ್ತೊಂದು ದಫ್ತರಿಗೆ ಹೊಂದಿಸಬಲ್ಲ, ಯಾವುದನ್ನು ಹಂಚಬೇಕು ಯಾವುದನ್ನು ಹಂಚಬಾರದು ಎಂಬುದನ್ನು ಬಲ್ಲ, ಊರಿನಲ್ಲೇ ಇರತಕ್ಕ ನೌಕರನು ಇಲ್ಲದಿರುವುದೇ ಕಾರಣವೆಂದು ನಮ್ಮ ಅಭಿಪ್ರಾಯ.

ಈಚಿನ ವರ್ಷಗಳಲ್ಲಿ ಯೂರೋಪಿನ ದೇಶಗಳಲ್ಲಿ ಒಂದು ವಿಚಾರವು ಬಹಳವಾಗಿ ಪ್ರಚಾರಕ್ಕೆ ಬಂದಿದೆ. ಬೇರೆಬೇರೆ ಕಚೇರಿಗಳ ದತ್ತಾಂಶವನ್ನೆಲ್ಲ ಒಂದೇ ಉಗ್ರಾಣಕ್ಕೆ ತಂದು ಸುರಿಯದೆ, ಆಯಾ ದಫ್ತರು ಆಯಾ ಕಚೇರಿಯ ವಶದಲ್ಲಿಯೇ ಇದ್ದುಕೊಂಡು, ಎಲ್ಲರೂ ಒಪ್ಪಿದ ಕಟ್ಟಳೆಯ ಮೇರೆಗೆ ಒಬ್ಬರಿಗೆ ಬೇಕಾದುದನ್ನು ಇನ್ನೊಬ್ಬರು ಒದಗಿಸುವ ಏರ್ಪಾಡು ಅದು. ದತ್ತಾಂಶದ ಪ್ರಾಂಗಣವೆಂದು ಅದನ್ನು ಕರೆಯಬಹುದು. ಐರೋಪ್ಯ ಒಕ್ಕೂಟವು ೨೦೨೨ರಲ್ಲಿ ಈ ವಿಷಯವಾಗಿ ಒಂದು ಶಾಸನವನ್ನೇ ಮಾಡಿತು. ಎಸ್ಟೋನಿಯಾ ಎಂಬ ಚಿಕ್ಕ ದೇಶದಲ್ಲಿ ೨೦೦೧ರಿಂದಲೂ ಎಕ್ಸ್‌-ರೋಡ್ ಎಂಬ ಏರ್ಪಾಡು ನಡೆದುಬಂದಿದೆ. ಅಲ್ಲಿ ಒಂದು ಕಚೇರಿಯವರು ಇನ್ನೊಂದು ಕಚೇರಿಯಿಂದ ವಿವರವನ್ನು ತರಿಸಿಕೊಂಡರೆ ಅದರ ಗುರುತು ದಾಖಲೆಯಲ್ಲಿ ನಿಲ್ಲುವುದು. ಪ್ರಜೆಯು ತನ್ನ ವಿವರಗಳನ್ನು ಯಾರು ನೋಡಿದರೆಂಬುದನ್ನು ತಾನೇ ವಿಚಾರಿಸಿ ತಿಳಿಯಬಹುದು.

ಈ ವಿಚಾರವು ಹೆಸರಿನಲ್ಲಿ ಹೊಸದಾದರೂ ತತ್ತ್ವದಲ್ಲಿ ಕೋಲಾರ ಸೀಮೆಯವರಿಗೆ ಅಪರಿಚಿತವಾದುದಲ್ಲ. ಕೆರೆ ಊರಿನದು, ಗದ್ದೆ ಆಯಾ ರೈತನದು, ಯಾವ ದಿನ ಯಾವ ತೂಬನ್ನು ಎಷ್ಟು ಹೊತ್ತು ತೆರೆಯಬೇಕೆಂಬುದು ಊರಿನ ಕಟ್ಟಳೆ, ಆ ಕಟ್ಟಳೆಯನ್ನು ಬಲ್ಲವನು ನೀರುಗಂಟಿ. ಕೆರೆ ಎಷ್ಟೇ ದೊಡ್ಡದಾಗಿರಲಿ, ನೀರುಗಂಟಿಯಿಲ್ಲದಿದ್ದರೆ ಬಲಿಷ್ಠನ ಗದ್ದೆ ಮಾತ್ರ ನೆನೆಯುವುದು. ದತ್ತಾಂಶಕ್ಕೂ ಇಂಥ ಒಬ್ಬ ನೀರುಗಂಟಿ ಬೇಕು. ಅವನನ್ನು ಹೇಗೆ ತಯಾರು ಮಾಡಬೇಕು, ಎಲ್ಲಿ ತಯಾರು ಮಾಡಬೇಕು, ಅವನಿಗೆ ಯಾವ ಸ್ಥಾನವನ್ನು ಕೊಡಬೇಕು ಎಂಬುದೇ ಪ್ರಕೃತ ವಿಚಾರಾರ್ಹವಾದ ವಿಷಯ.

ಉರಿಗಾಂ ಪ್ರಾಂತವನ್ನು ನಾವು ಉದಾಹರಣೆಯಾಗಿ ಆರಿಸಿಕೊಂಡಿರುವುದಕ್ಕೆ ಕಾರಣವುಂಟು. ದಫ್ತರಿನ ಐಕ್ಯದಿಂದ ಆಗುವ ಅನರ್ಥವನ್ನೂ ದಫ್ತರಿನ ಒಡಕಿನಿಂದ ಆಗುವ ಅನರ್ಥವನ್ನೂ ಎರಡನ್ನೂ ಕಂಡ ಊರು ಇದು. ೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಇಲ್ಲಿಗೆ ಬಂದರು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಎಂಬ ಗಣಿಗಳ ಸುತ್ತ ಒಂದು ಪಟ್ಟಣವೇ ಬೆಳೆಯಿತು. ೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೯೨ ಮೈಲಿ ದೂರ ತಂತಿಯೆಳೆದು ವಿದ್ಯುಚ್ಛಕ್ತಿಯನ್ನು ಈ ಗಣಿಗಳಿಗೆ ತಂದ ಕಥೆಯು ವಾಚಕರಿಗೆ ಗೊತ್ತೇ ಇದೆ. ಕೂಲಿಕಾರನ ವೇತನ ಕಂಪನಿಯದು, ವಾಸದ ಲೈನುಮನೆ ಕಂಪನಿಯದು, ಆಸ್ಪತ್ರೆ ಕಂಪನಿಯದು, ನೀರು ಕಂಪನಿಯದು. ಆದುದರಿಂದ ಅವನನ್ನು ಕುರಿತ ಸಕಲ ವೃತ್ತಾಂತವೂ ಒಂದೇ ಯಜಮಾನನ ಪುಸ್ತಕಗಳಲ್ಲಿತ್ತು. ಇದಕ್ಕಿಂತ ಸಂಪೂರ್ಣವಾದ ದಫ್ತರಿನ ಐಕ್ಯವನ್ನು ಇಂದಿನ ಯಾವ ತಂತ್ರಜ್ಞನೂ ಕಲ್ಪಿಸಲಾರನು. ಆದರೆ ಪುಸ್ತಕದಲ್ಲಿ ಏನು ಬರೆದಿದೆಯೆಂಬುದು ಕೂಲಿಕಾರನಿಗೆ ತಿಳಿಯುತ್ತಿರಲಿಲ್ಲ. ತಪ್ಪಿದ್ದರೆ ತಿದ್ದಿಸುವ ದಾರಿಯೂ ಇರಲಿಲ್ಲ. ೧೯೩೦ರಲ್ಲಿ ಕೂಲಿಕಾರರೆಲ್ಲರೂ ಬೆರಳಚ್ಚನ್ನು ಕೊಟ್ಟು ಹೊಸದಾಗಿ ನೋಂದಾಯಿಸಿಕೊಳ್ಳಬೇಕೆಂಬ ಏರ್ಪಾಡು ಬಂದಾಗ ಸಾವಿರಾರು ಮಂದಿ ಕೆಲಸ ಬಿಟ್ಟು ಮುಷ್ಕರ ಹೂಡಿದರು. ತಮ್ಮ ಗುರುತು ಪರರ ಪೆಟ್ಟಿಗೆಯಲ್ಲಿ ಬಿದ್ದರೆ ತಮ್ಮ ಸ್ವಾತಂತ್ರ್ಯಕ್ಕೆ ಬೀಗ ಬಿದ್ದಂತೆಯೇ ಎಂಬುದನ್ನು, ಅಕ್ಷರ ಬಾರದ ಆ ಜನರು ಇಂದಿನ ಪಂಡಿತರಿಗಿಂತ ಮೊದಲೇ ಅರಿತಿದ್ದರು.

ಕಾಲವು ಬದಲಾಯಿತು. ೧೯೫೬ರಲ್ಲಿ ಗಣಿಗಳು ಮೈಸೂರು ಸರಕಾರದ ವಶಕ್ಕೆ ಬಂದುವು. ೧೯೬೨ರಲ್ಲಿ ಕೇಂದ್ರ ಸರಕಾರಕ್ಕೆ ಹೋದುವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾದುವು. ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿಹೋದುವು. ಗಣಿಯ ಬಾಗಿಲಿನೊಡನೆ ಆ ಒಂದೇ ಪುಸ್ತಕವೂ ಮುಚ್ಚಿತು. ಇಂದು ಅದೇ ಮನುಷ್ಯನ ವೃತ್ತಾಂತವು ಹತ್ತು ಕಡೆ ಚದರಿಹೋಗಿದೆ. ಅವನು ವಾಸಿಸುವ ಮನೆಯ ಕೆಳಗಿನ ನೆಲ ಕೇಂದ್ರದ ಗಣಿಸಂಸ್ಥೆಯದು. ಅವನ ಬೀದಿಯ ದೀಪ, ಚರಂಡಿಗಳು ನಗರಸಭೆಯವು. ಅವನ ಪಡಿತರ ಚೀಟಿ ಆಹಾರ ಇಲಾಖೆಯದು. ವೃದ್ಧಾಪ್ಯ ವೇತನ ಕಂದಾಯ ಇಲಾಖೆಯದು. ನಿವೃತ್ತಿ ವೇತನ ಭವಿಷ್ಯನಿಧಿಯವರದು. ಗಣಿಧೂಳಿನಿಂದ ಕೆಟ್ಟ ಶ್ವಾಸಕೋಶದ ಚೀಟಿ ಇನ್ನೊಂದು ಆಸ್ಪತ್ರೆಯದು. ಸಾಲದುದಕ್ಕೆ ಉರಿಗಾಂ ಮೊದಲಾದುವು ಬಂಗಾರಪೇಟೆ ತಾಲ್ಲೂಕಿನಲ್ಲಿದ್ದುವು. ೨೦೧೭-೧೮ರ ಮುಂಗಡ ಪತ್ರದಲ್ಲಿ ಘೋಷಿಸಿದ ೪೯ ಹೊಸ ತಾಲ್ಲೂಕುಗಳಲ್ಲಿ ಕೋಲಾರ ಚಿನ್ನದ ಗಣಿಯೂ ಒಂದಾದ ಮೇಲೆ ಕಡತಗಳು ಎರಡು ಪಾಲಾದುವು. ಕಂಪನಿಯ ಕಾಲದಲ್ಲಿ ಒಬ್ಬನಿಗೆ ಎಲ್ಲವೂ ಗೊತ್ತಿತ್ತು. ಈಗ ಎಲ್ಲರಿಗೂ ಸ್ವಲ್ಪಸ್ವಲ್ಪ ಗೊತ್ತಿದೆ, ಯಾರಿಗೂ ಪೂರ್ತಿ ಗೊತ್ತಿಲ್ಲ. ಮೊದಲನೆಯದು ದಾಸ್ಯ, ಎರಡನೆಯದು ಅನಾಥಸ್ಥಿತಿ; ಎರಡೂ ಸ್ವರಾಜ್ಯವೆನಿಸವು.

ಇದು ಕೇವಲ ಅನುಕೂಲದ ಪ್ರಶ್ನೆಯೆಂದು ತಿಳಿಯಬಾರದು. ಸಯನೈಡ್ ದಿಬ್ಬಗಳೆಂದು ಜನರು ಕರೆಯುವ ೧೩ ಮಣ್ಣಗುಡ್ಡೆಗಳಲ್ಲಿ ಮತ್ತೆ ಚಿನ್ನವನ್ನು ತೆಗೆಯುವ ಯೋಜನೆಗೆ ರಾಜ್ಯದ ಸಚಿವ ಸಂಪುಟವು ೨೦೨೪ರ ಜೂನ್ ತಿಂಗಳಲ್ಲಿ ಸಮ್ಮತಿಯನ್ನಿತ್ತಿತು. ಗಣಿಸಂಸ್ಥೆಯ ನಿರುಪಯುಕ್ತ ಜಮೀನುಗಳಲ್ಲಿ ಕೈಗಾರಿಕೆಗಳನ್ನು ಸ್ಥಾಪಿಸುವ ಮಾತೂ ನಡೆದಿದೆ. ಇವು ಊರಿಗೆ ಬೇಕಾದುವೇ. ಆದರೆ ಆ ದಿನ ಬಂದಾಗ ಯಾವ ಲೈನಿನಲ್ಲಿ ಯಾವ ಸಂಸಾರವಿದೆ, ಎಷ್ಟು ವರ್ಷದಿಂದಿದೆ, ಯಾವ ಕಾಗದದ ಮೇಲಿದೆ ಎಂಬುದನ್ನು ನಗರಸಭೆ, ತಾಲ್ಲೂಕು ಕಚೇರಿ, ಗಣಿಸಂಸ್ಥೆ ಈ ಮೂವರೂ ಒಂದೇ ಮಾತಿನಲ್ಲಿ ಹೇಳಬಲ್ಲರೆ? ಹೇಳಲಾರದಿದ್ದರೆ ನಷ್ಟ ಯಾರಿಗೆಂಬುದನ್ನು ವಿವರಿಸಬೇಕಾಗಿಲ್ಲ.

ದಫ್ತರುಗಳನ್ನು ಹೊಂದಿಸುವ ಕೆಲಸವು ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಹೆಸರುಗಳನ್ನೇ ನೋಡಬಹುದು. ಈ ಊರನ್ನು ಕನ್ನಡದಲ್ಲಿ ಉರಿಗಾಂ ಎಂದೂ ಊರಿಗಾಂ ಎಂದೂ ಬರೆಯುವರು. ಇಂಗ್ಲಿಷಿನಲ್ಲಿ ಬರೆಯುವ ಬಗೆ ಇನ್ನೂ ಹಲವು. ಇಂದಿನ ಬಂಗಾರಪೇಟೆ ಹಿಂದೆ ಬೌರಿಂಗ್‌ಪೇಟೆಯಾಗಿತ್ತು. ಇಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ ನಾಲ್ಕು ನುಡಿಗಳವರು ನೂರು ವರ್ಷಕ್ಕೂ ಮೇಲ್ಪಟ್ಟು ಕೂಡಿ ಬಾಳಿದ್ದಾರೆ. ತಮಿಳರಲ್ಲಿ ತಂದೆಯ ಹೆಸರೇ ಮೊದಲಕ್ಷರ. ತೆಲುಗರಲ್ಲಿ ಮನೆತನದ ಹೆಸರು ಮುಂದೆ. ಒಬ್ಬನೇ ವೃದ್ಧನು ಪಡಿತರ ಚೀಟಿಯಲ್ಲಿ ಒಂದು ಬಗೆಯಾಗಿಯೂ ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆಯಾಗಿಯೂ ಗಣಿಯ ಸೇವಾಪತ್ರದಲ್ಲಿ ಮತ್ತೊಂದು ಬಗೆಯಾಗಿಯೂ ಕಾಣಿಸಿಕೊಳ್ಳುತ್ತಾನೆ. ಯಂತ್ರಕ್ಕೆ ಇವರು ಮೂವರು, ಬೀದಿಯವರಿಗೆ ಒಬ್ಬನೇ. ಇದರ ಜೊತೆಗೆ ಹಳೆಯ ಕಡತಗಳಲ್ಲಿ ಕನ್ನಡವನ್ನು ಅಚ್ಚುಮಾಡಿದ ಅಕ್ಷರವಿನ್ಯಾಸಗಳು ಒಂದೊಂದು ತಂತ್ರಾಂಶದಲ್ಲಿ ಒಂದೊಂದು ವಿಧವಾಗಿದ್ದುವು. ಯೂನಿಕೋಡ್ ಪದ್ಧತಿಗೆ ಪರಿವರ್ತಿಸಿದಲ್ಲದೆ ಹೊಸ ಯಂತ್ರಗಳು ಅವನ್ನು ಓದಲಾರವು. ಗ್ರಾಮಗಳಿಗೆ ಜನಗಣತಿಯವರು ಕೊಟ್ಟ ಸಂಖ್ಯೆ ಒಂದು, ಕಂದಾಯದವರದು ಇನ್ನೊಂದು, ಪಂಚಾಯತಿರಾಜ್ ಸಚಿವಾಲಯದವರದು ಮತ್ತೊಂದು. ಈ ತೊಡಕನ್ನು ದೆಹಲಿಯಲ್ಲೋ ಬೆಂಗಳೂರಿನಲ್ಲೋ ಕುಳಿತವನು ಬಿಡಿಸಲಾರನು. ಬೀದಿಯನ್ನೂ ಬಲ್ಲ, ಭಾಷೆಗಳನ್ನೂ ಬಲ್ಲ, ಯಂತ್ರವನ್ನೂ ಬಲ್ಲ ಸ್ಥಳೀಯನೇ ಬೇಕು.

ಗಣಿಯ ಚರಿತ್ರೆಯಲ್ಲಿಯೇ ಇದಕ್ಕೊಂದು ಪಾಠವಿದೆ. ಚಾಂಪಿಯನ್ ರೀಫ್ ಗಣಿಯು ಮೂರು ಸಾವಿರ ಮೀಟರಿಗೂ ಮಿಕ್ಕ ಆಳಕ್ಕೆ ಇಳಿದಾಗ ಬಂಡೆ ಸಿಡಿತದ ಭಯವು ದಿನನಿತ್ಯದ್ದಾಯಿತು. ೧೯೭೦ರ ದಶಕದ ಕೊನೆಯಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರ ನೆರವಿನಿಂದ ಭೂಕಂಪನವನ್ನು ಅಳೆಯುವ ಉಪಕರಣಗಳ ಜಾಲವೊಂದನ್ನು ಇಲ್ಲಿ ಹೂಡಲಾಯಿತು. ಒಂದು ಉಪಕರಣವು ನೆಲ ನಡುಗಿತೆಂದು ಮಾತ್ರ ಹೇಳೀತು. ಎಲ್ಲಿ ಸಿಡಿಯಿತೆಂದು ಹೇಳಲಾರದು. ಹಲವು ಉಪಕರಣಗಳು ಒಂದೇ ಗಡಿಯಾರಕ್ಕೆ ಹೊಂದಿಕೊಂಡು ಬರೆದ ಅಂಕಗಳನ್ನು ಒಟ್ಟಿಗಿರಿಸಿ ನೋಡಿದರೆ ಮಾತ್ರ ಅಪಾಯದ ಜಾಗವು ಗೊತ್ತಾಗುವುದು. ಗಡಿಯಾರಗಳು ಬೇರೆಬೇರೆಯಾದರೆ ಉಪಕರಣಗಳು ಎಷ್ಟಿದ್ದರೂ ವ್ಯರ್ಥ. ಕಚೇರಿಗಳ ದತ್ತಾಂಶಕ್ಕೆ ಸಮಾನವಾದ ಸಂಖ್ಯೆ, ಸಮಾನವಾದ ಅಕ್ಷರ, ಸಮಾನವಾದ ದಿನಾಂಕ ಇವೇ ಆ ಒಂದು ಗಡಿಯಾರ. ಅದನ್ನು ಕಾಪಾಡುವ ಕೈಗೆ ತರಬೇತಿ ಬೇಕೆಂಬುದರಲ್ಲಿ ಸಂಶಯವೇನು?

ನಮ್ಮ ರಾಜ್ಯದ ಅನುಭವವೂ ಇದನ್ನೇ ಹೇಳುವುದು. ಸುಮಾರು ೬೭ ಲಕ್ಷ ಹಿಡುವಳಿದಾರರ ಸುಮಾರು ೨ ಕೋಟಿ ಪಹಣಿಗಳನ್ನು ಯಂತ್ರಕ್ಕೆ ಏರಿಸಿ, ೨೦೦೧ರ ಹೊತ್ತಿಗೆ ೧೭೬ ತಾಲ್ಲೂಕುಗಳಲ್ಲಿ ಜಾರಿಗೆ ಬಂದ ಭೂಮಿ ಯೋಜನೆಯು ದೇಶಕ್ಕೆಲ್ಲ ಮಾದರಿಯಾಯಿತು. ಅದರ ಯಶಸ್ಸಿಗೆ ಯಂತ್ರಕ್ಕಿಂತ ಮಿಗಿಲಾದ ಕಾರಣ ಎರಡು. ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸರಕಾರವು ದೃಢವಾಗಿ ಸಾರಿದುದು ಒಂದು. ಹೊರಗಿನ ಗುತ್ತಿಗೆದಾರನಿಗೆ ಒಪ್ಪಿಸದೆ ಗ್ರಾಮಲೆಕ್ಕಿಗರಿಗೇ ತರಬೇತಿ ಕೊಟ್ಟು ಯಂತ್ರದ ಮುಂದೆ ಕೂರಿಸಿ, ಅವರವರ ಬೆರಳಚ್ಚಿನಿಂದಲೇ ಯಂತ್ರವು ತೆರೆಯುವಂತೆ ಮಾಡಿ ಹೊಣೆಯನ್ನು ಹೊರಿಸಿದುದು ಇನ್ನೊಂದು. ಗಮನಿಸಬೇಕಾದ ಮಾತೆಂದರೆ, ೧೯೩೦ರಲ್ಲಿ ಕೂಲಿಕಾರನಿಂದ ಕೇಳಿದ ಬೆರಳಚ್ಚನ್ನು ಇಲ್ಲಿ ಅಧಿಕಾರಿಯಿಂದ ಕೇಳಲಾಯಿತು. ಹೊಣೆಯು ತಲೆಕೆಳಗಾಗಿ ನೇರವಾಯಿತು. ಹಾಗೆಂದು ಭೂಮಿಯು ದೋಷರಹಿತವೆಂದು ನಾವು ಹೇಳುವುದಿಲ್ಲ. ಹಳ್ಳಿಯಲ್ಲಿದ್ದ ಪುಸ್ತಕವು ತಾಲ್ಲೂಕಿಗೆ ಹೋದುದರಿಂದ ಚಿಕ್ಕ ಹಿಡುವಳಿದಾರನಿಗಿಂತ ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳುವವರಿಗೇ ಹೆಚ್ಚು ಅನುಕೂಲವಾಯಿತೆಂದು ಬೆಂಗಳೂರಿನ ಸುತ್ತಿನ ಪರಿಸ್ಥಿತಿಯನ್ನು ಅಭ್ಯಾಸ ಮಾಡಿದ ಕೆಲವರು ೨೦೦೭ರಲ್ಲಿ ವಾದಿಸಿದ್ದರು. ಆ ವಾದವೂ ನಮ್ಮ ಪಕ್ಷವನ್ನೇ ಬಲಪಡಿಸುವುದು: ದಫ್ತರು ಜನರಿಂದ ದೂರವಾದಷ್ಟೂ ಉಳ್ಳವರಿಗೆ ಹತ್ತಿರವಾಗುವುದು.

ಹಂಚಿಕೆಯು ಸರಿಯಾದರೆ ಎಷ್ಟು ಹಿತ, ತಪ್ಪಿದರೆ ಎಷ್ಟು ಅಹಿತವೆಂಬುದಕ್ಕೆ ಈಚಿನ ಎರಡು ನಿದರ್ಶನಗಳನ್ನು ಕೊಡುವೆವು. ೨೦೨೩ರ ಬರಗಾಲದಲ್ಲಿ ರಾಜ್ಯದ ೨೨೩ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುವು. ಪರಿಹಾರದ ಹಣವು ಫ್ರೂಟ್ಸ್ ಪಟ್ಟಿಯ ಆಧಾರದ ಮೇಲೆ ರೈತನ ಖಾತೆಗೆ ನೇರವಾಗಿ ಹೋಗುವ ಏರ್ಪಾಡಾಯಿತು. ಪಹಣಿ, ಆಧಾರ್, ಬ್ಯಾಂಕು ಈ ಮೂರೂ ಕೂಡಿದ್ದವನಿಗೆ ಮಧ್ಯವರ್ತಿಯ ಕಾಟ ತಪ್ಪಿತು. ಆದರೆ ತೀರಿಹೋದ ತಂದೆಯ ಹೆಸರಿನಲ್ಲಿಯೇ ಪಹಣಿ ನಿಂತಿದ್ದ ಮಗನಿಗೆ, ಗಂಡನ ಪೌತಿ ಖಾತೆಯಾಗದ ವಿಧವೆಗೆ, ಆ ಪಟ್ಟಿಯು ಮುಚ್ಚಿದ ಬಾಗಿಲು. ಮರಣವು ಒಂದು ಕಚೇರಿಯಲ್ಲಿ ದಾಖಲಾಗಿದೆ, ಜಮೀನು ಇನ್ನೊಂದರಲ್ಲಿದೆ; ಎರಡನ್ನೂ ಕೂಡಿಸಿ, ಇಂಥ ಮನೆಯಲ್ಲಿ ಖಾತೆ ಬದಲಾಗಬೇಕಾಗಿದೆಯೆಂದು ತಾನಾಗಿ ಹೇಳುವವರಿಲ್ಲ. ಎರಡನೆಯದು ಪಟ್ಟಣದ ಮಾತು. ೨೦೨೪ರ ಅಕ್ಟೋಬರಿನಿಂದ ಪಟ್ಟಣದ ಸ್ವತ್ತುಗಳಿಗೆ ಇ-ಖಾತೆಯಿಲ್ಲದೆ ನೋಂದಣಿಯಿಲ್ಲವೆಂಬ ನಿಯಮವು ಬಂದಿತು. ನಗರಸಭೆಯ ದಫ್ತರೂ ಉಪನೋಂದಣಾಧಿಕಾರಿಯ ದಫ್ತರೂ ಒಂದಕ್ಕೊಂದು ತಾಳೆಯಾಗುವುದು ಒಳ್ಳೆಯದೇ. ಖೋಟಾ ಕ್ರಯಪತ್ರಗಳಿಗೆ ಇದರಿಂದ ಕಡಿವಾಣ ಬೀಳುವುದು. ಆದರೆ ನಗರಸಭೆಯ ಮೂಲ ಪುಸ್ತಕವು ತಪ್ಪಾಗಿದ್ದರೆ ಆ ತಪ್ಪೂ ಮಿಂಚಿನ ವೇಗದಲ್ಲಿ ಹಂಚಿಕೆಯಾಗುವುದು. ಹಿಂದೆ ಒಂದು ಕಚೇರಿಯ ತಪ್ಪು ಒಂದೇ ಕಚೇರಿಯಲ್ಲಿ ಕಾಡುತ್ತಿತ್ತು. ಹೊಂದಿಸಿದ ಮೇಲೆ ಎಲ್ಲೆಡೆಯೂ ಕಾಡುವುದು.

ಹೀಗಿರಲು ಈ ಭಾರವನ್ನು ಹೊತ್ತಿರುವವರ ಸ್ಥಿತಿ ಹೇಗಿದೆ? ೨೦೨೪ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದರು. ತಮ್ಮ ಮೇಲೆ ಮೊಬೈಲ್ ಆ್ಯಪ್‌ಗಳ ಕೆಲಸವನ್ನು ಒಂದರ ಮೇಲೊಂದು ಹೇರಿ, ಅದಕ್ಕೆ ಬೇಕಾದ ಉಪಕರಣಗಳನ್ನೂ ಅನುಕೂಲಗಳನ್ನೂ ಒದಗಿಸಿಲ್ಲವೆಂಬುದು ಅವರ ಅಳಲಿನ ಸಾರ. ಅಧಿಕಾರಿಗಳು ಮುಷ್ಕರ ಹೂಡುವುದು ಸರಿಯೇ ಎಂಬ ಚರ್ಚೆಯನ್ನು ನಾವು ಇಲ್ಲಿ ಎತ್ತುವುದಿಲ್ಲ. ಆದರೆ ಅಳಲು ನಿಜವಾದುದು. ಒಂದೊಂದು ಇಲಾಖೆಯೂ ತನ್ನದೇ ಆ್ಯಪನ್ನು ಕಳುಹಿಸುವುದು, ಒಂದೇ ಹೊಲವನ್ನು ಒಬ್ಬನೇ ನೌಕರನು ಹಲವು ಸಲ ಬರೆಯುವುದು, ಇದೇ ದತ್ತಾಂಶದ ಒಡಕಿನ ಪ್ರತ್ಯಕ್ಷ ರೂಪ. ಗ್ರಾಮ ಪಂಚಾಯತಿಯಲ್ಲಿ ಗುಮಾಸ್ತನೇ ದತ್ತಾಂಶ ನಮೂದು ಮಾಡುವವನು. ನಗರಸಭೆಗಳಲ್ಲಿ ಎಷ್ಟೋ ಕಡೆ ಯಂತ್ರದ ಮುಂದೆ ಕುಳಿತವನು ಹೊರಗುತ್ತಿಗೆಯವನು. ಗುತ್ತಿಗೆ ಮುಗಿದೊಡನೆ ಅವನು ಹೊರಡುವನು, ಕಲಿತುದೂ ಅವನೊಡನೆ ಹೊರಡುವುದು. ಮನೆಯ ಬೀಗದ ಕೈಯನ್ನು ದಿನಗೂಲಿಯವನ ಕೈಗೆ ಕೊಟ್ಟು, ಕಳವಾದರೆ ಅವನನ್ನು ದೂಷಿಸುವುದು ಯಜಮಾನನಿಗೆ ಭೂಷಣವಲ್ಲ.

ತರಬೇತಿ ಎಂಬುದು ನಡೆಯುತ್ತಲೇ ಇಲ್ಲವೆಂದು ನಾವು ಹೇಳುವುದಿಲ್ಲ. ಮೈಸೂರಿನಲ್ಲಿ ಆಡಳಿತ ತರಬೇತಿ ಸಂಸ್ಥೆಯಿದೆ. ಪಂಚಾಯತಿಗಳಿಗೆ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಯಿದೆ. ಪಟ್ಟಣಗಳಿಗೆ ರಾಜ್ಯ ನಗರಾಭಿವೃದ್ಧಿ ಸಂಸ್ಥೆಯಿದೆ. ಆದರೆ ಯಾವ ಗುಂಡಿಯನ್ನು ಒತ್ತಬೇಕೆಂಬುದನ್ನು ಒಂದೆರಡು ದಿನಗಳಲ್ಲಿ ಹೇಳಿ ಕಳುಹಿಸುವುದು ತರಬೇತಿಯಾಗಲಾರದು. ನಮ್ಮ ದೃಷ್ಟಿಯಲ್ಲಿ ಕಲಿಸಬೇಕಾದ ವಿಷಯಗಳು ನಾಲ್ಕು. ಒಂದು, ದಾಖಲೆಯ ಶುದ್ಧಿ: ಹೆಸರು, ಸಂಖ್ಯೆ, ಗಡಿ, ದಿನಾಂಕಗಳನ್ನು ತಾಳೆ ನೋಡಿ ತಿದ್ದುವ ಕ್ರಮ. ಎರಡು, ಹೊಂದಾಣಿಕೆ: ಒಂದು ತಂತ್ರಾಂಶದ ವಿವರವನ್ನು ಇನ್ನೊಂದು ಓದುವಂತೆ ನಿಯತವಾದ ರೂಪದಲ್ಲಿ ಒದಗಿಸುವ ಕೌಶಲ. ಮೂರು, ಕಾಯಿದೆ: ಯಾವುದನ್ನು ಯಾರಿಗೆ ಯಾವ ಕಾರ್ಯಕ್ಕಾಗಿ ಎಷ್ಟು ದಿನದ ಮಟ್ಟಿಗೆ ಕೊಡಬಹುದೆಂಬ ವಿವೇಕ. ನಾಲ್ಕು, ಕರಾರು: ಎರಡು ಕಚೇರಿಗಳು ಪರಸ್ಪರ ಒಪ್ಪಂದವನ್ನು ಬರೆದುಕೊಳ್ಳುವುದು, ತಪ್ಪು ಕಂಡರೆ ತಿದ್ದತಕ್ಕವರು ಯಾರೆಂಬುದನ್ನು ಮುಂಚೆಯೇ ಗೊತ್ತುಮಾಡುವುದು. ಮೊದಲನೆಯ ಎರಡು ಯಂತ್ರವಿದ್ಯೆ. ಕೊನೆಯ ಎರಡು ರಾಜ್ಯವಿದ್ಯೆ. ಇವೆರಡೂ ಒಬ್ಬನಲ್ಲಿ 
ಕೂಡಿದಾಗಲೇ ನಮ್ಮ ನೀರುಗಂಟಿ ಸಿದ್ಧನಾಗುವನು.

ದೊಡ್ಡ ನಗರಗಳಿಗೆ ಈ ವಿಷಯದಲ್ಲಿ ಸ್ವಲ್ಪ ಭಾಗ್ಯ ದೊರೆಯಿತು. ೨೦೧೫ರಲ್ಲಿ ಆರಂಭವಾಗಿ ೨೦೨೫ರ ಮಾರ್ಚಿಯಲ್ಲಿ ಮುಗಿದ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ದೇಶದ ೧೦೦ ನಗರಗಳು ಸೇರಿದ್ದುವು. ೨೦೧೯ರಲ್ಲಿ ಆ ನಗರಗಳಿಗೆ ಒಬ್ಬೊಬ್ಬ ದತ್ತಾಂಶ ಅಧಿಕಾರಿಯಿರಬೇಕೆಂಬ ಸೂಚನೆಯೂ ಹೊರಟಿತು. ಕರ್ನಾಟಕದಿಂದ ಬೆಂಗಳೂರು, ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು ಈ ಏಳು ನಗರಗಳು ಅದರಲ್ಲಿದ್ದುವು. ನಗರಗಳ ದತ್ತಾಂಶದ ವಿನಿಮಯಕ್ಕಾಗಿ ಕೇಂದ್ರ ಸಚಿವಾಲಯವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೊಡನೆ ಕೂಡಿ ಒಂದು ವೇದಿಕೆಯನ್ನೂ ಕಟ್ಟಿತು. ಆ ವಿದ್ಯೆಯು ಹುಟ್ಟಿದ ಸ್ಥಳದಿಂದ ಉರಿಗಾಂ ಸುಮಾರು ನೂರು ಕಿಲೋಮೀಟರು. ದಿನಬೆಳಗಾದರೆ ಮಾರಿಕುಪ್ಪಂ, ಉರಿಗಾಂ, ಬಂಗಾರಪೇಟೆಗಳಿಂದ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವ ಸಾವಿರಾರು ಯುವಕಯುವತಿಯರಲ್ಲಿ ಗಣಕಯಂತ್ರದ ಕೆಲಸ ಬಲ್ಲವರು ಎಷ್ಟು ಮಂದಿಯಿಲ್ಲ! ಊರಿನ ಬುದ್ಧಿಯು ಪ್ರತಿದಿನವೂ ಪರಸ್ಥಳಕ್ಕೆ ಹೋಗಿ ಸಂಜೆ ದಣಿದು ಮರಳುತ್ತಿರುವಾಗ, ಊರಿನ ನಗರಸಭೆಯು ತನ್ನ ದಫ್ತರನ್ನು ಹೊಂದಿಸಲು ಜನರಿಲ್ಲವೆಂದು ಕೈಚೆಲ್ಲುವುದು ನಾಚಿಕೆಗೇಡು. ಉರಿಗಾಂನಲ್ಲಿ ಇಂಜಿನಿಯರಿಂಗ್ ಕಾಲೇಜೂ ಇದೆ. ಗಣಿಗಳಿಗೆ ನುರಿತವರನ್ನು ತಯಾರುಮಾಡಿದ ಸ್ಕೂಲ್ ಆಫ್ ಮೈನ್ಸ್ ಕೂಡ ಇಲ್ಲಿಯದೇ. ನೆಲದಡಿಯ ಅದಿರನ್ನು ತೆಗೆಯಲು ಸ್ಥಳದಲ್ಲಿಯೇ ವಿದ್ಯೆ ಕಲಿಸಿದ ಊರಿಗೆ, ಕಡತದಡಿಯ ಸತ್ಯವನ್ನು ತೆಗೆಯುವ ವಿದ್ಯೆಯನ್ನು ಕಲಿಸುವುದು ಅಸಾಧ್ಯವೆ?

ಇನ್ನು ಬಹುಮುಖ್ಯವಾದ ಎಚ್ಚರಿಕೆಯ ಮಾತು. ೨೦೧೭ರ ಆಗಸ್ಟ್ ೨೪ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ೨೦೨೩ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಆಯಿತು. ಆದರೆ ಸಹಾಯಧನ, ಪ್ರಮಾಣಪತ್ರ, ಪರವಾನಗಿಗಳಂಥ ಸೇವೆಗಳನ್ನು ಒದಗಿಸುವಾಗ ಸರಕಾರವು ತನ್ನಲ್ಲಿರುವ ದತ್ತಾಂಶವನ್ನು ಮತ್ತೆ ಸಮ್ಮತಿ ಕೇಳದೆಯೇ ಬಳಸಲು ಆ ಕಾಯಿದೆಯು ಕೆಲವು ಕಟ್ಟುಪಾಡುಗಳೊಡನೆ ಅವಕಾಶವನ್ನಿತ್ತಿದೆ. ಇದು ಜನರಿಗೆ ಅನುಕೂಲವೂ ಹೌದು, ಅಪಾಯವೂ ಹೌದು. ಬಾಗಿಲಲ್ಲಿ ಸಮ್ಮತಿಯ ಬೀಗವಿಲ್ಲದಿದ್ದ ಮೇಲೆ ಒಳಗೆ ಕುಳಿತವನ ಧರ್ಮಬುದ್ಧಿಯೇ ಬೀಗ. ಗಣಿಧೂಳಿನ ರೋಗಿಯ ವಿವರವು ಪರಿಹಾರ ಕೊಡುವವರಿಗೆ ಹೋಗಬೇಕು, ಸಾಲ ಕೊಡುವವರಿಗೆ ಹೋಗಕೂಡದು. ಮನೆಯ ವಿವರವು ಹಕ್ಕುಪತ್ರ ಕೊಡುವವರಿಗೆ ಹೋಗಬೇಕು, ಜಮೀನಿನ ದಲ್ಲಾಳಿಗೆ ಹೋಗಕೂಡದು. ಬೇಲಿಯೇ ಎದ್ದು ಹೊಲ ಮೇಯದಂತೆ ನೋಡಿಕೊಳ್ಳಬೇಕಾದರೆ ನೋಡಿದವರ ಹೆಸರು ದಾಖಲೆಯಲ್ಲಿ ನಿಲ್ಲಬೇಕು. ಪ್ರಜೆಗೆ ಅದನ್ನು ಕೇಳುವ ಹಕ್ಕಿರಬೇಕು. ಹೇಳುವ ಕರ್ತವ್ಯವು ನೌಕರನಿಗೆ ತಿಳಿದಿರಬೇಕು.

ಎಲ್ಲವನ್ನೂ ರಾಜಧಾನಿಯ ಒಂದು ಮಹಾಯಂತ್ರದಲ್ಲಿಯೇ ಇರಿಸಿಬಿಟ್ಟರೆ ಹಳ್ಳಿಪಟ್ಟಣಗಳಲ್ಲಿ ಇಷ್ಟು ಮಂದಿಗೆ ಕಲಿಸುವ ತೊಂದರೆಯೇಕೆ ಎಂದು ಕೆಲವರು ಕೇಳಬಹುದು. ಖರ್ಚಿನ ದೃಷ್ಟಿಯಿಂದ ಈ ಆಕ್ಷೇಪಣೆಯು ಆಕರ್ಷಕವಾಗಿ ತೋರುವುದು. ಆದರೆ ಅದು ಕಂಪನಿಯ ಪುಸ್ತಕಕ್ಕೆ ಹೊಸ ರಟ್ಟನ್ನು ಹಾಕಿದಂತೆಯೇ ಸರಿ. ೧೯೯೨ರ ೭೩ನೆಯ, ೭೪ನೆಯ ತಿದ್ದುಪಡಿಗಳಿಂದ ಪಂಚಾಯತಿಗಳಿಗೂ ನಗರಸಭೆಗಳಿಗೂ ಸಂವಿಧಾನದಲ್ಲಿ ಸ್ಥಾನವು ದೊರೆಯಿತು. ತನ್ನ ಊರಿನ ಲೆಕ್ಕವನ್ನು ತಾನು ಓದಲಾರದ, ತಿದ್ದಲಾರದ ಸಂಸ್ಥೆಗೆ ಸ್ವಯಮಾಡಳಿತವೆಂಬ ಹೆಸರು ಒಪ್ಪುವುದೇ? ಬೆಂಗಳೂರಿನಲ್ಲಿ ಉಗ್ರಾಣವಿರಲಿ, ಬೇಡವೆನ್ನುವುದಿಲ್ಲ. ಅದರ ಒಂದು ಬೀಗದ ಕೈ ಊರಿನಲ್ಲಿರಬೇಕು, ಆ ಕೈಯನ್ನು ಹಿಡಿಯಬಲ್ಲವನೂ ಊರಿನಲ್ಲಿರಬೇಕು.

ಎಲ್ಲಿಂದ ಆರಂಭಿಸಬೇಕೆಂಬುದಕ್ಕೆ ನಮ್ಮ ಸಲಹೆಯಿಷ್ಟು. ಮನುಷ್ಯರ ವಿವರಗಳಿಗೆ ಕೈಹಾಕುವ ಮುನ್ನ ನೀರಿನಿಂದ ಆರಂಭಿಸಲಿ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ೨೦೧೮ರ ಜೂನ್ ತಿಂಗಳಲ್ಲಿ ಕೋಲಾರ ಜಿಲ್ಲೆಗೆ ಹರಿಯಿತು. ದಿನಕ್ಕೆ ೪೪ ಕೋಟಿ ಲೀಟರು ನೀರನ್ನು ೧೨೬ ಕೆರೆಗಳಿಗೆ ತುಂಬಿಸುವುದು ಯೋಜನೆಯ ಉದ್ದೇಶ. ಆ ನೀರಿನ ಗುಣವನ್ನು ಕುರಿತು ಎಷ್ಟು ವಿವಾದವಾಯಿತೆಂಬುದನ್ನು, ಅದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದುದನ್ನು ವಾಚಕರು ಬಲ್ಲರು. ಕೆರೆ ಸಣ್ಣ ನೀರಾವರಿಯವರದು. ಕೊಳವೆಬಾವಿಯ ಮಟ್ಟ ಅಂತರ್ಜಲ ನಿರ್ದೇಶನಾಲಯದವರದು. ಕುಡಿಯುವ ನೀರಿನ ಪರೀಕ್ಷೆ ಗ್ರಾಮೀಣ ನೀರು ಸರಬರಾಜಿನವರದು. ಕಾಲುವೆಗೆ ಬೀಳುವ ಕೊಳೆ ಮಾಲಿನ್ಯ ನಿಯಂತ್ರಣ ಮಂಡಳಿಯವರದು. ರೋಗದ ಲೆಕ್ಕ ಆರೋಗ್ಯ ಇಲಾಖೆಯವರದು. ಈ ಐದು ದಫ್ತರುಗಳನ್ನು ಒಂದೇ ಕೆರೆಯ ಹೆಸರಿನಲ್ಲಿ, ಒಂದೇ ದಿನಾಂಕದಲ್ಲಿ, ಕನ್ನಡದಲ್ಲಿ, ಸಾಮಾನ್ಯರೂ ಓದುವಂತೆ ಒಟ್ಟಿಗಿಡುವ ಕೆಲಸವನ್ನು ಬಂಗಾರಪೇಟೆ ಮತ್ತು ಚಿನ್ನದ ಗಣಿ ತಾಲ್ಲೂಕುಗಳ ಆಯ್ದ ನೌಕರರಿಗೆ ತರಬೇತಿಯ ಪಾಠವಾಗಿಯೇ ಒಪ್ಪಿಸಬಹುದು. ಇದರಲ್ಲಿ ಯಾವ ವ್ಯಕ್ತಿಯ ಗುಟ್ಟೂ ಬಯಲಾಗದು, ತಪ್ಪಿದರೆ ತಿದ್ದಬಹುದು, ಜನರಿಗೆ ಫಲವು ಕಣ್ಣಿಗೆ ಕಾಣುವುದು. ನೀರಿನಲ್ಲಿ ಪಳಗಿದ ಮೇಲೆ ಬೀದಿ, ಮನೆ, ಖಾತೆಗಳಿಗೆ ಹೋಗಲಿ. ವಿಶ್ವಾಸವು ಬೆಳೆದ ಮೇಲೆ ಪಿಂಚಣಿ, ರೋಗ, ಪಡಿತರಗಳಿಗೆ ಬರಲಿ.

ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯು ೨೦೦೭ರವರೆಗೂ ಕೋಲಾರ ಜಿಲ್ಲೆಗೇ ಸೇರಿತ್ತು. ೧೯೧೧ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನವು ಸ್ಥಾಪಿತವಾದಾಗಿನಿಂದ ಅಂಕಿ-ಅಂಶಗಳಿಲ್ಲದೆ ಅಭ್ಯುದಯವಿಲ್ಲ, ನುರಿತ ಜನರಿಲ್ಲದೆ ಅಂಕಿ-ಅಂಶಗಳಿಗೆ ಬೆಲೆಯಿಲ್ಲ ಎಂಬ ದೃಷ್ಟಿಯಿಂದಲೇ ಅವರು ಕೆಲಸಮಾಡಿದರು. ಆ ಪರಂಪರೆಯ ವಾರಸುದಾರರಾದ ನಾವು ಯಂತ್ರವನ್ನು ಮೊದಲು ಕೊಂಡು ಮನುಷ್ಯನನ್ನು ಆಮೇಲೆ ಹುಡುಕುತ್ತಿರುವುದು ಸರಿಯಾದ ಕ್ರಮವಲ್ಲ. ಸರಕಾರದವರು ಪ್ರತಿಯೊಂದು ನಗರಸಭೆಯಲ್ಲಿಯೂ ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಒಂದು ಕಾಯಂ ಹುದ್ದೆಯನ್ನು ಇದಕ್ಕಾಗಿಯೇ ನಿರ್ಮಿಸಲಿ. ಆ ಹುದ್ದೆಗೆ ಬಂದವರಿಗೆ ದಿನಗಳ ಲೆಕ್ಕದಲ್ಲಲ್ಲ, ತಿಂಗಳುಗಳ ಲೆಕ್ಕದಲ್ಲಿ ಶಿಕ್ಷಣವನ್ನು ಕೊಡಲಿ. ಕಲಿತವರನ್ನು ಕೆಲವು ವರ್ಷಗಳಾದರೂ ಅಲ್ಲಿಯೇ ಉಳಿಯಗೊಡಲಿ. ಮಹಾಜನರೂ ತಮ್ಮ ನಗರಸಭಾ ಸದಸ್ಯರನ್ನು ರಸ್ತೆ, ದೀಪಗಳನ್ನು ಕೇಳುವಂತೆಯೇ, ನಮ್ಮ ಊರಿನ ದಫ್ತರನ್ನು ನೋಡಿಕೊಳ್ಳುವವರು ಯಾರು ಎಂಬುದನ್ನೂ ಕೇಳಲಿ. ತಮ್ಮ ಗುರುತು ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಯನ್ನು ಈ ಊರಿನ ಕೂಲಿಕಾರರು ೧೯೩೦ರಲ್ಲಿಯೇ ಎತ್ತಿದರು. ಅದಕ್ಕೆ ತಕ್ಕ ಉತ್ತರವನ್ನು ಅವರ ಮಕ್ಕಳ ಕಾಲದಲ್ಲಿಯೂ ಕೊಡಲಿಲ್ಲ. ಮೊಮ್ಮಕ್ಕಳ ಕಾಲದಲ್ಲಾದರೂ ಕೊಡುವ ಹೊಣೆ ನಮ್ಮ ಸರಕಾರದ್ದು.